ಕೇಕಿಗೊಂದು ಕುದ್ರು

ಮಾಲ್ದೀವ್ಸ್ ಅಂತಿದ್ದೆವು, ಪ್ರೆಸಿಲ್ಲಾ ಮತ್ತು ನಾನು,
ಹಂಪನಕಟ್ಟೆಯ ಬಸ್‌ಸ್ಟಾಪಿನಲ್ಲಿ, ಇಪ್ಪತ್ತರ ವಯಸ್ಸಿಗೆ.
ಅವಳ ನಲವತ್ತಕ್ಕೆ ನೀಲಿ ನೀರಿನ ಮೇಲೊಂದು ಮರದ ಮನೆ,
ಕಾಲಡಿ ಗಾಜು, ಗಾಜಿನಡಿ ಮೀನು.
ನಲವತ್ತು ಬಂತು. ಅದಕ್ಕೂ ಏಳು ತಿಂಗಳು ಮುಂಚೆ
ನನ್ನ ಹೊಟ್ಟೆಯಿಂದ ಶಮಿತ ಬಂದ,
ಪಾಸ್‌ಪೋರ್ಟ್ ಇಲ್ಲದವನು, ಹಲ್ಲೂ ಇಲ್ಲದವನು.

ಹಾಗಾಗಿ ಕೆಮ್ಮಣ್ಣು ದಾಟಿ, ಸುವರ್ಣೆಯ ನಡುವಿನ ಈ ಕುದ್ರು.
ತೆಂಗಿದೆ, ಮರಳಿದೆ, ಸುತ್ತ ನೀರಿದೆ,
ದ್ವೀಪಕ್ಕೆ ಮತ್ತೇನು ಕೊಂಬಾ, ಎಂದಳು
ಕುವೈತಿನಿಂದ ಹದಿನಾಲ್ಕು ದಿನದ ರಜೆಗೆ ಬಂದವಳು.

ದೋಣಿಗೆ ನಾವು ಹೇರಿದ್ದು ಕೇಳಿ:
ಎರಡು ಫ್ಲಾಸ್ಕು, ಹನ್ನೊಂದು ಲಂಗೋಟಿ, ರಾಗಿಸರಿಯ ಡಬ್ಬ,
ಬಜೆ ತೇಯುವ ಕಲ್ಲು (ಅಮ್ಮನ ಆಜ್ಞೆ),
ಸೊಳ್ಳೆಪರದೆ, ಸೊಂಡಿಲು ಕಿತ್ತ ರಬ್ಬರ್ ಆನೆ.
ಕೇಕು ಮಾತ್ರ ಪ್ರೆಸಿಲ್ಲಾಳ ತೊಡೆಯ ಮೇಲೆ.
"ಒಕ್ಕಲು ಬರುವುದಾ?" ಕೇಳಿದರು ದೂಮಪ್ಪಣ್ಣ.
"ಅಲ್ಲ, ಒಂದು ರಾತ್ರಿಗೆ. ಇವಳ ಹುಟ್ಟಿದ ದಿನ."
ಅವರು ಕೈಯ ಹುಟ್ಟನ್ನೊಮ್ಮೆ ನೋಡಿಕೊಂಡು ನಕ್ಕು
ಮತ್ತೆ ನೀರಿಗಿಳಿಸಿದರು.

ಮನೆಯೊಡತಿಯ ಹೆಸರು ಬೇಬಿ. ವಯಸ್ಸು ಅರವತ್ತೆರಡು.
"ಬೇಬಿ ಮಲಗಿತಾ?" ಎಂದು ಪ್ರೆಸಿಲ್ಲಾ ಪಿಸುಗುಟ್ಟಿದರೆ
ಅಡುಗೆಮನೆಯಿಂದ ಉತ್ತರ:
"ಮಲಗುವುದು ಎಲ್ಲಿ ಮಾರಾಯ್ತಿ,
ಮರುವಾಯಿ ಇನ್ನೂ ಬಾಯಿ ಬಿಟ್ಟಿಲ್ಲ!"

ಇರುವೆ ಬರುತ್ತದೆಂದು ಬೇಬಿಯಕ್ಕ
ಅಗಲದ ಹರಿವಾಣಕ್ಕೆ ನೀರು ಹೊಯ್ದು
ನಡುವೆ ಬಟ್ಟಲು ಕವುಚಿ, ಮೇಲೆ ಕೇಕಿನ ಪೆಟ್ಟಿಗೆ ಇಟ್ಟರು.
"ಇಕಾ, ಇದಕ್ಕೂ ಒಂದು ಕುದ್ರು."
ಇರುವೆಗಳು ದಡದಲ್ಲಿ ಸಾಲಾಗಿ ನಿಂತವು,
ಕಡವಿನಲ್ಲಿ ದೋಣಿ ಕಾಯುವವರ ಹಾಗೆ.

ಹನ್ನೆರಡಕ್ಕೆ ಅಲಾರಾಂ ಇಟ್ಟಿದ್ದೆ.
ಶಮಿತ ಹನ್ನೊಂದೂ ನಲವತ್ತಕ್ಕೇ ಹೊಡೆದುಕೊಂಡ,
ಆಚೆ ದಡದ ನಾಯಿ ಎದ್ದು ಶ್ರುತಿ ಸೇರಿಸುವಷ್ಟು.
ಮೂರು ಸಲ ಮೇಣದಬತ್ತಿ ಹಚ್ಚಿದೆ,
ಮೂರು ಸಲವೂ ಊದಿದ್ದು ಗಾಳಿ. ಅದಕ್ಕೆಷ್ಟು ವಯಸ್ಸೋ.
ಚಾಕು ಹುಡುಕುವಷ್ಟರಲ್ಲಿ ಮಗನ ಮುಷ್ಟಿ ಕೇಕಿನಲ್ಲಿ,
'ಪ್ರೆಸಿ' ಹೋಯಿತು, 'ಲ್ಲಾ' ಉಳಿಯಿತು.
ನಕ್ಕೆವು, ಹೊಟ್ಟೆ ಹಿಡಿದುಕೊಂಡು.
ಆಮೇಲೆ ನಾನು ಅತ್ತೆ. ಯಾಕೆಂದು ನನಗೂ ಗೊತ್ತಿಲ್ಲ,
ಏಳು ತಿಂಗಳಿಂದ ಎರಡು ಗಂಟೆ ಕೂಡಿಸಿ ಮಲಗಿದ್ದಿಲ್ಲ.

"ಕೊಡು ಇಲ್ಲಿ," ಎಂದಳು.
ಹದಿನೈದು ವರ್ಷದ ರಾತ್ರಿಪಾಳಿಯವಳು,
ಯಾರ್ಯಾರದೋ ಮಕ್ಕಳನ್ನು ಬೆಳಗಿಗೆ ದಾಟಿಸಿದವಳು.
ಫ್ಲಾಸ್ಕು ಕಂಕುಳಲ್ಲಿ, ಮಗ ಹೆಗಲಲ್ಲಿ,
ಕ್ರೀಮು ಮೆತ್ತಿದ ಅವನ ಕೈ ಅವಳ ಹೊಸ ಚೂಡಿದಾರದ ಬೆನ್ನಿಗೆ.
ಬಾಗಿಲು ಎಳೆದ ಸದ್ದು ಕೇಳಿದೆ.
ಅಷ್ಟೇ ನೆನಪು.

ಎಚ್ಚರಾದಾಗ ಬಿಸಿಲು ಪರದೆಯೊಳಗಿತ್ತು.
ಹಾಲು ಕಟ್ಟಿ ಎದೆ ಕಲ್ಲು. ರವಿಕೆ ಒದ್ದೆ. ಪಕ್ಕ ಖಾಲಿ.
ಬರಿಗಾಲಲ್ಲಿ ಕಡವಿಗೆ ಓಡಿದೆ.

ನದಿ ಹಿಂದಕ್ಕೆ ಹರಿಯುತ್ತಿತ್ತು. ಉಬ್ಬರದ ಹೊತ್ತು.
ಒಂದು ಒಣ ಸೋಗೆ ಘಟ್ಟದ ಕಡೆಗೆ ತೇಲುತ್ತಿತ್ತು,
ಬಿದ್ದ ಮರವನ್ನು ಹುಡುಕಿಕೊಂಡು ಹೊರಟ ಹಾಗೆ.
ಮರಳಿಗೆ ಎಳೆದಿಟ್ಟ ದೋಣಿಯೊಳಗೆ ಪ್ರೆಸಿಲ್ಲಾ ಅಂಗಾತ,
ಎದೆಯ ಮೇಲೆ ಅವನು ಬೋರಲು,
ಅವಳ ಒಂದು ನರೆಗೂದಲು ಅವನ ಬೆರಳಿಗೆ ಸುತ್ತಿ,
ಇಬ್ಬರ ಬಾಯಿಯೂ ಬೆಂದ ಮರುವಾಯಿ.

"ಎಬ್ಬಿಸಬೇಡ," ಬೆನ್ನ ಹಿಂದೆ ಬೇಬಿಯಕ್ಕ,
"ಮಲಗಿದ್ದೇ ನಾಲ್ಕಕ್ಕೆ.
ಅಲ್ಲಿವರೆಗೂ ಕೊಂಕಣಿಯಲ್ಲಿ ಕಥೆ ಹೇಳಿದ್ದು ಅವನಿಗೆ.
ಹೌದನಾ, ಯಾವುದೋ ಊರಲ್ಲಿ
ಕಾಲಡಿ ಗಾಜು, ಗಾಜಿನಡಿ ಮೀನಂತೆ?"

ಹಾಲು ಸೋರುತ್ತ ಜಗಲಿಯಲ್ಲೇ ಕೂತೆ.
ಅರ್ಧ ಕೇಕು ಇನ್ನೂ ಇತ್ತು.
ಹರಿವಾಣದಲ್ಲಿ ಒಂದೇ ಒಂದು ಇರುವೆ
ಈಜು ಕಲಿಯುತ್ತಿತ್ತು.