ಎರಡು ಅಡ್ಡ, ಒಂದು ಉದ್ದ

ಚೀಲದ ಲೆಕ್ಕ ನನ್ನದು.
ಮನೆಗೆ ಹನ್ನೆರಡು, ಗದ್ದೆ ಇಲ್ಲದವರಿಗೆ ಮೂರು,
ತೋಡಿಗೆ ಕಟ್ಟ ಬಿದ್ದರೆ
ಅವರ ಬಾವಿಯೂ ಸಿಹಿಯಾಗುತ್ತದಲ್ಲ.
ಯೂರಿಯಾ ಚೀಲ, ಸಿಮೆಂಟಿನದು,
ಇನಾಸ್ ಪೊರ್ಬುಗಳ ಮನೆಯಿಂದ ಯಾವಾಗಲೂ
ಕೋಳಿ ತಿಂಡಿಯದು, ಮೇಲೆ ನಗುವ ಹುಂಜ.

ಸ್ವರ್ಣೆಗೆ ಭರತ ಬಂದರೆ
ಸಮುದ್ರ ನಮ್ಮ ತೋಡಿನಲ್ಲಿ ಮೇಲಕ್ಕೆ ನಡೆದು
ಬೈಲಿನ ಬದುವಿಗೆ ಬಾಯಿಟ್ಟು
ಗದ್ದೆಯನ್ನು ನೆಕ್ಕಿ ನೋಡುತ್ತದೆ.
ಏಣೆಲು ಕೊಯ್ದಾಗಿದೆ. ಸುಗ್ಗಿಯ ನೇಜಿ ಗೇಣುದ್ದ.
ಹುಣ್ಣಿಮೆಗೆ ಇನ್ನು ನಾಲ್ಕು ದಿನ.

ಹಿಂದೆಲ್ಲ ಕಟ್ಟವೆಂದರೆ ಬಲ್ಲೆ, ಮಡಲು, ಜೇಡಿ,
ಹೊಟ್ಟೆಯಲ್ಲಿ ನಾಲ್ಕು ಕಲ್ಲು.
ರಾತ್ರಿಯಿಡೀ ಸೋರುತ್ತಿತ್ತಂತೆ,
ಒಬ್ಬರು ಲಾಟೀನು ಹಿಡಿದು ಕೂರಬೇಕು
ಏಡಿ ಕೊರೆದ ತೂತಿಗೆ ಜೇಡಿ ಮೆತ್ತುತ್ತ.
ಲೋಕಯ್ಯ ಕೂರುತ್ತಿದ್ದ,
ಮಿಲಿಟ್ರಿಗೆ ಸೇರುವವರೆಗೆ.

ಎಪ್ಪತ್ತೊಂದರ ದಶಂಬರ.
ತಾರು ಹಿಡಿದು ಅಂಚೆಯವ ಬಂದದ್ದು ಮನೆಗಲ್ಲ, ಇಲ್ಲಿಗೇ.
ಊರೆಲ್ಲ ಇಲ್ಲಿತ್ತು, ಸೊಂಟದವರೆಗೆ ನೀರಲ್ಲಿ.
ಹಸನಬ್ಬರ ಅಪ್ಪ ಓದಿದರು, ಇಂಗ್ಲಿಷು ಅರ್ಧ ತಿಳಿದು,
ಉಳಿದರ್ಧ ತಿಳಿಯದಿರಲಿ ಎಂದುಕೊಂಡು.
ದೂಮಕ್ಕ ಕೈಯ ಜೇಡಿಯುಂಡೆ ಕೆಳಗಿಡಲಿಲ್ಲ.
ನೀರು ನೋಡಿದಳು. ಏರುತ್ತಿತ್ತು.
"ಮೊದಲು ಇದನ್ನು ಮುಚ್ಚಿ" ಅಂದಳು.

ಮುಚ್ಚಿದರು. ಆಮೇಲೆ ಅತ್ತರು.

ಇಪ್ಪತ್ತು ದಿನ ಕಳೆದು ಅವನದೇ ಕಾಗದ ಬಂತು,
ನೀಲಿ ಇನ್‌ಲೆಂಡು, ಮಡಿಕೆಯಲ್ಲಿ
ನಮ್ಮ ಊರಿನದಲ್ಲದ ಬಣ್ಣದ ಮಣ್ಣು:
"ಅಮ್ಮಾ, ಇಲ್ಲೂ ಕಟ್ಟ ಉಂಟು.
ತಡೆಯುವುದು ನೀರನ್ನಲ್ಲ.
ಗೋಣಿಗೆ ಮುಕ್ಕಾಲು ಮಾತ್ರ ಮಣ್ಣು ತುಂಬಿ
ಬಾಯಿ ಮಡಚಿ ಅಡಿಗೆ ಹಾಕುವುದು.
ಎರಡು ಅಡ್ಡ, ಒಂದು ಉದ್ದ,
ಮೇಲಿನದು ಕೆಳಗಿನ ಸಂದಿನ ಮೇಲೆಯೇ ಕೂರಬೇಕು.
ಏಡಿಯಲ್ಲ, ಅದರಪ್ಪ ಬಂದರೂ ಕೊರೆಯಲಾರ.
ನಾನು ಬಂದ ಮೇಲೆ ನಮ್ಮ ತೋಡಿಗೂ ಹೀಗೇ ಮಾಡುವ.
ನೇಜಿ ನೆಟ್ಟಾಯಿತಾ?"

ಮರುವರ್ಷ ದೂಮಕ್ಕ ಸಂತೆಕಟ್ಟೆಯಿಂದ
ನಲವತ್ತು ಹಳೆ ಗೋಣಿ ಹೊರಿಸಿಕೊಂಡು ಬಂದಳು.
ಪಿಂಚಣಿಯ ಮೊದಲ ಹಣದಲ್ಲಿ ಅಂತ ಕೆಲವರು,
ಅಲ್ಲ, ಬೆಂಡೋಲೆ ಮಾರಿ ಅಂತ ಸೇಸಕ್ಕ.
ಸೋರಲಿಲ್ಲ.
ಲಾಟೀನು ಹಿಡಿದು ಕೂರುವ ಕೆಲಸ ಊರಿಗೆ ತಪ್ಪಿತು.

ಅಂದಿನಿಂದ ಕಡೆಯ ಚೀಲ ಅವರ ಮನೆಯದು.
ಭಾಷಣ ಇಲ್ಲ. ಇಡುತ್ತಾರೆ,
ಕಾಲಲ್ಲಿ ಎರಡು ಸಲ ತುಳಿಯುತ್ತಾರೆ,
ಗಂಜಿಗೆ ಹೋಗುತ್ತಾರೆ.
ಎರಡು ಅಡ್ಡ, ಒಂದು ಉದ್ದ, ಮಕ್ಕಳಿಗೂ ಗೊತ್ತು.
ಎಲ್ಲಿಂದ ಬಂತು ಅಂದರೆ
ಅರ್ಧ ಮಂದಿ ಮುಖ ನೋಡುತ್ತಾರೆ.

ಈ ಸಲ ಕಿಂಡಿ ಅಣೆಕಟ್ಟು ಮಂಜೂರು.
ಅರ್ಜಿಗೆ ಸಹಿ ಹಾಕಿದವಳು ನಾನೇ, ಎರಡನೇ ವಾರ್ಡಿನ ಮೆಂಬರು.
ಸುಳ್ಳು ಯಾಕೆ, ನನಗೂ ಸೊಂಟನೋವು.
ಕಳೆದ ವರ್ಷ ಬಂದವರು ಹದಿನೇಳು,
ಅದರಲ್ಲಿ ಐವರು ಫೋಟೋಕ್ಕೆ.
ಆದರೂ ಲೆಕ್ಕದ ಪುಸ್ತಕ ಮುಗಿಸಲು ಕೂತವಳಿಗೆ
ಕೊನೆಯ ಸಾಲಿನಲ್ಲಿ ಪೆನ್ನು ಹೋಗಲಿಲ್ಲ.

ಸೇಸಕ್ಕನಲ್ಲಿಗೆ ಹೋದೆ. ಅವನ ತಂಗಿ, ಎಂಬತ್ತರ ಹತ್ತಿರ.
ಅಣ್ಣನ ಹೆಸರು ಕಲ್ಲಲ್ಲಿ ಕೆತ್ತಿಸುವ,
ಗುತ್ತಿಗೆಯವನು ಒಪ್ಪಿದ್ದಾನೆ, ಅಂದೆ.
ಕೊಳಕೆಯ ಬೀಜ ಕೇರುತ್ತಿದ್ದಳು.
ಗೆರಸೆ ನಿಲ್ಲಿಸದೆ ಕೇಳಿದಳು:
"ಆ ಕಿಂಡಿಗೆ ಬಾಗಿಲು ಎಂಥದ್ದು?"
ಮರದ ಹಲಗೆ. ಎರಡು ಸಾಲು, ನಡುವೆ ಜೇಡಿ.
"ಮಳೆಗಾಲಕ್ಕೆ?"
ತೆಗೆದಿಡಬೇಕು. ದಶಂಬರಕ್ಕೆ ಮತ್ತೆ ಹಾಕಬೇಕು.
"ಯಾರು?"
ನಾವೇ.
"ಹಲಗೆ ಎಷ್ಟು ವರ್ಷ ಬಂದೀತು?"
ಮೂರೋ ನಾಲ್ಕೋ. ಗೆದ್ದಲು, ಉಪ್ಪು.

ಜಳ್ಳು ಹಾರಿ ನನ್ನ ಸೀರೆಗೆ ಬಿತ್ತು.
"ಕಲ್ಲು ಬೇಡ. ಹಿತ್ತಲಲ್ಲಿ ಹೆಬ್ಬಲಸು ಉಂಟು.
ಒಂದು ಹಲಗೆ ನಮ್ಮದು ಅಂತ ಬರಕೊ."

ಬರೆದುಕೊಂಡೆ.
ಮೆಟ್ಟಿಲಿಳಿಯುವಾಗ ಕರೆದಳು,
"ಅಗಲ ಎಷ್ಟು, ಕಿಂಡಿ?"
ಆರಡಿ, ಅಂದೆ.
ಮರದತ್ತ ಒಮ್ಮೆ ನೋಡಿ
ಗೆರಸೆಗೆ ಇನ್ನೊಂದು ಬೊಗಸೆ ಹಾಕಿಕೊಂಡಳು.