ಎಟುಕಿನ ಗೆರಿ

ಗಯಾಥಿಯಿಂದ ದಕ್ಷಿಣಕ್ಕ ನಲವತ್ತು ಕಿಲೋಮೀಟರ್,
ಡಾಂಬರು ಮುಗದ ಮ್ಯಾಲೆ ಇನ್ನೂ ಹನ್ನೊಂದು.
ಆರು ಮಂದಿ ಪಾಲುದಾರರು, ಒಂದ ಬೇಲಿ,
ಒಳಗ ಇನ್ನೂರಾ ಹದಿಮೂರು ರೀಮ್.
ಉಸುಕಿನ ಬಣ್ಣದ ಚಿಗರಿ. ಹೊಟ್ಟಿ ಮಾತ್ರ ಬೆಳ್ಳಗ.
ಬಾಲ ಅಲುಗಿದಾಗಷ್ಟ ಕಾಣ್ತಾವು.

ಎಣಸೂದು ನನ್ನ ಕೆಲಸ.
ನೀರಿನ ತೊಟ್ಟಿ ತೊಳ್ಯೂದು, ಉಪ್ಪಿನ ಹೆಂಟಿ ಇಡೂದು,
ಬೇಲಿಗುಂಟ ನಸಿಕಿನ್ಯಾಗ ಗಾಡಿ ಹೊಡ್ಯೂದು,
ರಾತ್ರಿ ಗಾಳಿ ಉಸುಕ ಸರಿಸಿ ಮಾಡಿದ ಸಂದಿ ಮುಚ್ಚೂದು.
ಗೇಣು ಸಂದಿ ಇದ್ರ ಸಾಕು, ನರಿಗೆ ಅದು ಅಗಸಿ ಬಾಗಿಲ.

ಘಾಫ್ ಅಂತಾರ ಈ ಮರಕ್ಕ.
ಬಂದ ಮೊದಲ ದಿನಾನ ಗುರ್ತು ಹಿಡದೆ:
ಇದು ಬನ್ನಿ.
ಅದ ಎಲಿ, ಅದ ಮುಳ್ಳು.
ದಸರಾದಾಗ ಬೆಟಗೇರಿಯೊಳಗ ಕೈಯಿಂದ ಕೈಗೆ ಬಂಗಾರ ಆಗೂ ಎಲಿ
ಇಲ್ಲಿ ಮೇವು.
ಚಿಗರಿ ಹಿಂಗಾಲ ಮ್ಯಾಲೆ ನಿಂತು ಬಾಯಿ ಎಟುಕೂ ತನಕ
ಮರ ಬೋಳು, ಕತ್ತರಿ ಆಡಿಸಿಧಂಗ ಒಂದು ಗೆರಿ.
ವರ್ಷಾ ವರ್ಷಾ ಆ ಗೆರಿ ಏರಾಕತ್ತೈತಿ.

ಸಭಾದಾಗ ಹೇಳಿದೆ, ನನ್ನ ಮುರಕು ಅರಬ್ಬಿಯೊಳಗ:
ಹೆಣ್ಣು ಹೆಚ್ಚಾಗ್ಯಾವು. ನೆಲ ತಡಕೊಳ್ಳೂದಿಲ್ಲ.
ಆರೂ ಮಂದಿ ಗೋಣು ಹಾಕಿದ್ರು.
ಪಾಲಿಗೆ ಎರಡು ಗಂಡು ಅಂತ ಬರದದ್ದು ಹಂಗ ಉಳೀತು.
ಗ್ವಾಡಿಗೆ ಹೆಣ್ಣಿನ ಕೋಡು ಯಾರು ಹಾಕ್ತಾರ?
ಸುಹೈಲ್ ಅಂದ, ಇನ್ನೊಂದು ಲಾರಿ ಕುದುರಿ ಮೆಂತೆ ತರಸು.
ತರಸಿದೆ. ತಿಂದು ಅವಳಿ ಈದ್ವು.

ಪಾಸಪೋರ್ಟಿನ್ಯಾಗ ನನ್ನ ಹೆಸರು ಧೂಳಪ್ಪ ಹರಣಶಿಕಾರಿ.
ಮುದುಕ ಮತರ್ ಕೇಳಿದ, ಏನು ಅರ್ಥ?
ಈಗ ಬಂದೂಕ ಎತ್ತೂದಿಲ್ಲ ಅವ, ಕಾವಾ ಕುಡ್ಯಾಕ ಬರ್ತಾನ.
ಹೇಳಿದೆ. ಬಾಳೊತ್ತು ನಕ್ಕ. ಆಮ್ಯಾಲ ಸುಮ್ಮನಾದ.
ನಮ್ಮಜ್ಜನ ನರದ ಉರುಲು,
ಠಾಣೆಯೊಳಗ ಮುರದ ಅವನ ಎರಡು ಬೆರಳು,
ಊರಾಗ ಏನ ಕಳವಾದ್ರೂ ಮೊದಲು ನಮ್ಮ ಸೆಟ್ಲಮೆಂಟಿಗೆ ಬರೂ ಜೀಪು,
ಇಷ್ಟಕ್ಕ ನನ್ನ ಅರಬ್ಬಿ ಸಾಲಲಿಲ್ಲ.
ಉರುಲು ಅಂತ ತೋರಿಸಾಕ ಕೊರಳಿಗೆ ಕೈ ಹಚ್ಚಿದೆ.
ತಪ್ಪ ತಿಳಕೊಂಡಿರಬೇಕು ಅವ. ಖರ್ಜೂರ ಕೊಟ್ಟ.

ಜನವರಿಯೊಳಗ ಸುಹೈಲನ ಬೀಗ ಒಬ್ಬ ಗಂಡಿಗೆ ಗುರಿ ಇಟ್ಟು
ಹಿಂದಿನ ಹೆಣ್ಣಿಗೆ ಹೊಡದ. ಹೊಟ್ಟಿಗೆ.
ಗಾಡಿಗಳು ದೀಪ ಹಚ್ಚಿ ಸುತ್ತಿದ್ವು, ಸಿಗಲಿಲ್ಲ.
ಬಖೀತ್ ಅಂದ, ಧೂಳಪ್ಪ, ನೀ ಹೋಗು.

ಉಸುಕಿನ್ಯಾಗ ನೆತ್ತರ ಹರಿಯೂದಿಲ್ಲ,
ಸಣ್ಣ ಸಣ್ಣ ಗುಳಿಗಿ ಆಗಿ ಉರಳತೈತಿ.
ಬಲ ಹಿಂಗಾಲು ಎಳದದ್ದು, ನಿಂತದ್ದು, ತಿರುಗಿ ನೋಡಿದ್ದು
ಎಲ್ಲಾ ಬರದಿತ್ತು.
ಯಾರೂ ನನಗ ಕಲಿಸಿದ್ದಲ್ಲ ಇದು.
ನಮ್ಮಪ್ಪ ಓಣಿ ಓಣಿ ಬಾಂಡೆ ಮಾರಿದ, ನಾ ಗಾರೆ ಕೆಲಸ ಕಲತೆ.
ಚಪ್ಪಲಿ ಎಲ್ಲಿ ಬಿಟ್ಟೆನೋ, ನೆನಪಿಲ್ಲ.

ಬನ್ನಿ ಬುಡಕ್ಕ ಬಿದ್ದಿತ್ತು. ಉಸುರು ಇತ್ತು.
ಚಾಕು ನನ್ನ ಸೊಂಟದಾಗ. ನಾ ಕೊಯ್ದರ
ಅವರಿಗೆ ಹಲಾಲ್ ಆಗೂದಿಲ್ಲ.
ಫೋನ್ ಮಾಡಿ, ತಲಿ ತೊಡಿ ಮ್ಯಾಲೆ ಇಟಗೊಂಡು ಕುಂತೆ.
ಇಪ್ಪತ್ತು ನಿಮಿಷ.
ನಮ್ಮ ವಂಶದಾಗ ಇಷ್ಟು ಹೊತ್ತು ಚಿಗರಿ ಹಿಡಕೊಂಡು
ಯಾರೂ ಸುಮ್ಮನ ಕುಂತಿರಲಿಕ್ಕಿಲ್ಲ.
ಕಿವಿ ಬಿಸಿ ಇತ್ತು. ಅದರ ಎದಿ ನನ್ನ ಮೊಣಕಾಲಿಗೆ ಬಡೀತಿತ್ತು.
ಬ್ಯಾಡ ಬ್ಯಾಡ ಅನಕೋತ ಅದನ್ನೂ ಎಣಸಿದೆ.

ಮತರ್ ತಾನ ಬಂದ, ಮಗನ್ನ ಕಳಸಲಿಲ್ಲ.
ಮೊದಲು ನೀರು ಕೇಳಿದ, ಅದರ ಬಾಯಿಗೆ.
ಆಮ್ಯಾಲ ದೇವರ ಹೆಸರು.
ಕೈ ನಡುಗಲಿಲ್ಲ ಮುದುಕಂದು.

ಬೆಳಿಗ್ಗೆ ಪುಸ್ತಕದಾಗ ಬರದೆ: ಹೆಣ್ಣು, ಒಂದು, ಕಡಿಮಿ.
ಕಾರಣ ಅನ್ನೂ ಖಾನೆಯೊಳಗ ಬರಿ ಅಂತ ಸುಹೈಲ್ ಹೇಳಿದ್ದು
'ನೆಲದ ನಿರ್ವಹಣೆ'.
ಬರದೆ.

ಬೇಲಿಗುಂಟ ಹೊಂಟೆ.
ಆ ಬನ್ನಿ ಕೆಳಗ ಗಾಳಿ ಎಲ್ಲಾ ಸಾಪ ಮಾಡಿತ್ತು.
ಗೆರಿಗಿಂತ ಮ್ಯಾಲಿನ ಟೊಂಗಿ ಬಗ್ಗಿಸಿ
ಒಂದು ಹಿಡಿ ಎಲಿ ಹರದು ಕಿಸೆಕ್ಕ ಹಾಕ್ಕೊಂಡೆ,
ದಸರಾ ಇನ್ನೂ ಒಂಬತ್ತು ತಿಂಗಳು ಇತ್ತು.
ತೊಟ್ಟಿ ಹತ್ರ ನಿಂತು ಎಣಸಿದೆ.
ಎರಡು ಸಲ ಎಣಸಿದೆ, ಬ್ಯಾರೆ ಬ್ಯಾರೆ ಬಂತು.