ನಾಲ್ಕು ತೂತು

ಕಪನೂರಿನ ನನ್ನ ಶೆಡ್ಡಿಗೆ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ
ಒಂದು ದೋಣಿ ಬಂತು, ಏಪ್ರಿಲ್ಲಿನ ಉರಿಯಲ್ಲಿ, ಮಗ್ಗಲು ಮಲಗಿ.
ಹುಡುಗರು ಹಿಂದೆ ಓಡಿದರು. ಹೊಳೆ ಕಾಣದ ಓಣಿ ನಮ್ಮದು.

"ಮಾನಂದಕ್ಕ, ನೀ ಕೂಲರಿನ ಡಬ್ಬಿ ಮಾಡ್ತಿ.
ಇದೂ ಅದೇ ಸಾಮಾನಲ್ಲೇನು, ಫೈಬರ್ರು, ರಾಳ?"
ಅಂದ ಸಾಯಬಣ್ಣ, ಭೀಮೆಯ ದಂಡೆಯ ಅಂಬಿಗ,
ಡ್ಯಾಮಿನ ಲಿಲಾವಿನಲ್ಲಿ ಹನ್ನೊಂದು ಸಾವಿರಕ್ಕೆ ಹಿಡಿದವ.
ಹೌದು ಖರೆ. ನನ್ನ ಡಬ್ಬಿ ನೀರನ್ನು ಒಳಗಿಡುತ್ತದೆ,
ಇದು ಹೊರಗಿಡಬೇಕು. ಅಷ್ಟೇ ಫರಕು ಅಂದುಕೊಂಡೆ.

ಸಂತೆಯಲ್ಲಿ ಗಡಿಗೆ ಬಾರಿಸಿ ನೋಡಿದ ಹಾಗೆ
ಗೆಣ್ಣಿನಿಂದ ಬಡಿಯುತ್ತ ಹೋದೆ:
ಮೂತಿಯಲ್ಲಿ ಟಣ್, ಪಕ್ಕೆಯಲ್ಲಿ ಟಣ್,
ಹಿಂದೆ, ಇಂಜಿನ್ ತೂಗುಹಾಕುವ ಜಾಗದಲ್ಲಿ
ದಬ್.
ಅದಕ್ಕೆ ಟ್ರಾನ್ಸಮ್ ಅಂತಾರಂತೆ ಡ್ಯಾಮಿನವರು.
ನಾವು ಬೆನ್ನಹಲಗೆ ಅಂದೆವು. ಕರೆಯಲು ಏನಾದರೂ ಬೇಕಲ್ಲ.

ಮಸ್ತಾನ ಗ್ರೈಂಡರ್ ಹಿಡಿದು ಚರ್ಮ ಸುಲಿದ.
ಮೈಯೆಲ್ಲ ಗಾಜಿನ ನವೆ; ಕೊಬ್ಬರಿಎಣ್ಣೆ, ಬೈಗುಳ.
ಒಳಗಿನ ಪ್ಲೈವುಡ್ಡು ಚಹದಲ್ಲಿ ಅದ್ದಿ ಮರೆತ ಖಾರಿ,
ಚಮಚದಲ್ಲೇ ಕೆರೆದೆವು. ಕಪ್ಪಗೆ. ಹಾಳುಬಾವಿಯ ವಾಸನೆ.
ತಳದ ಹಲಗೆ ಎತ್ತಿದರೆ ಅದರಡಿಯ ಸ್ಪಂಜು,
ತೇಲಿಸಲೆಂದೇ ತುಂಬಿದ್ದು, ನೀರು ಕುಡಿದು ಕಲ್ಲಾಗಿತ್ತು.
ಕತ್ತರಿಸಿ ಬಿಸಿಲಿಗೆ ಹರವಿದೆವು. ಮೂರು ದಿನ ಜಿನುಗಿತು,
ಎಂಟು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ,
ಯಾವುದೋ ವರ್ಷದ ಯಾವುದೋ ಡ್ಯಾಮಿನ ನೀರು.
ಗುಬ್ಬಿಗಳು ಬಂದವು. ಕುಡಿಯಲಿಲ್ಲ.

ಬೆನ್ನಹಲಗೆಯ ಹೊರಮೈಯಲ್ಲಿ ನಾಲ್ಕು ತೂತು, ಚೌಕಕ್ಕೆ.
ನಾಲ್ಕರಿಂದಲೂ ಕೆಳಗೆ ತುಕ್ಕಿನ ಗೆರೆ.
"ಇಲ್ಲಿ ಏನಿತ್ತೋ?"
"ಬೋರ್ಡಿತ್ತು. ಉದ್ಘಾಟನೆ ಮಾಡಿದವರ ಹೆಸರಿಂದು.
ಹಿತ್ತಾಳಿ ಅಂತ ಯಾರೋ ಕಿತ್ತು ಮಾರ್ಕೊಂಡಾರ."
ನೀರು ಒಳಗೆ ಹೋದ ದಾರಿ ಅದೇ.
ಸ್ಕ್ರೂ ತಿರುವುವಾಗ ಎರಡು ಹನಿ ರಾಳ ತೊಟ್ಟಿದ್ದರೆ ಸಾಕಿತ್ತು.
ಚಪ್ಪಾಳೆಯ ಹೊತ್ತಿನಲ್ಲಿ ಯಾರಿಗೆ ನೆನಪಿರುತ್ತದೆ.

ನಮ್ಮೂರಿನ ಹಗಲಲ್ಲಿ ರಾಳ ಕಲಸಿದರೆ
ಡಬ್ಬಿಯಲ್ಲೇ ಕುದ್ದು ಹೊಗೆಯಾಡಿ ಬ್ರಷ್ಷನ್ನು ಕಚ್ಚಿಕೊಳ್ಳುತ್ತದೆ.
ನಸುಕಿನ ಮೂರಕ್ಕೆ ಏಳುತ್ತಿದ್ದೆವು.
ಬಾಂಗಿಗೆ ಮುಂಚೆ ಒಂದು ಪದರ, ಬಾಂಗಿನ ನಂತರ ಒಂದು,
ಹಾರ್ಡನರು ಹನಿ ಎಣಿಸಿ, ಕೂಸಿಗೆ ಔಷಧ ಹಾಕಿದ ಹಾಗೆ.
ಹೊಸ ಹಲಗೆ ಕೂರಿಸು, ಮ್ಯಾಟು ಹಾಸು, ಗುಳ್ಳೆ ಓಡಿಸು.
ಒಂದು ಗುಳ್ಳೆ ಉಳಿದರೂ ಸಾಯಬಣ್ಣ ಬೆರಳಿಡುತ್ತಿದ್ದ,
ನೀರ ಮೇಲಿನ ಗುಳ್ಳೆ ನೋಡಿ ಮೀನಿನ ಜಾತಿ ಹೇಳುವವ.
ಒಮ್ಮೆ ನನ್ನ ಎಣಿಕೆ ತಪ್ಪಿತು. ಮಾತಾಡುತ್ತಿದ್ದೆ.
ಎರಡು ದಿನ ಕಳೆದರೂ ಅಂಟಂಟು; ಪೂರಾ ಪದರ ಕೆರೆದು ಒಗೆದೆ.
ಅವನಿಗೆ ಹೇಳಲಿಲ್ಲ. ಲೆಕ್ಕದಲ್ಲಿ ಬರೆಯಲೂ ಇಲ್ಲ.

"ಹೆಸರು ಹಾಕ್ಸೋದೇನು?" ಮಸ್ತಾನ ಕೇಳಿದ.
"ಹಾಕು. ಬಣ್ಣದಾಗ ಬರಿ. ಮೊಳಿ ಬ್ಯಾಡ."
ಯಾವ ಹೆಸರು ಅಂತ ಮಾತ್ರ ಇನ್ನೂ ಹೇಳಿಲ್ಲ.

ಪರೀಕ್ಷೆಗೆ ಹೊಳೆ ಎಲ್ಲಿಂದ ತರುವುದು?
ಟ್ಯಾಂಕರ್ ಕರೆಸಿ ದೋಣಿಯೊಳಗೇ ನೀರು ಬಿಟ್ಟೆವು.
ಒಳಮೈಗೆ ಪೆನ್ಸಿಲ್ ಗೆರೆ, ಅಡಿಯಲ್ಲಿ ಹಳೇ ಪೇಪರು.
ಕಡೆಗೆ ಇದೂ ನನ್ನ ಡಬ್ಬಿಯೇ ಆಯಿತು.
ಬೆಳಗಾದರೆ ನೀರು ಗೆರೆಗಿಂತ ಅರ್ಧ ಬೆರಳು ಕೆಳಗೆ.
ಸಾಯಬಣ್ಣ ಮಂಡಿಯೂರಿ ಪೇಪರು ಮುಟ್ಟಿದ, ತಿರುವಿದ,
ಕೆನ್ನೆಗೆ ಹಚ್ಚಿ ನೋಡಿದ. ಗರಿಗರಿ.
"ಗಾಳಿ ಕುಡದದ," ಅಂದ ಮಸ್ತಾನ.
"ಕಲಬುರಗಿ ಗಾಳಿ, ಏನೂ ಬಿಡಂಗಿಲ್ಲ."

ಅಷ್ಟರಲ್ಲಿ ಓಣಿಯ ಹೆಣ್ಣುಮಕ್ಕಳು ಕೊಡ ಹಿಡಿದು ಬಾಗಿಲಲ್ಲಿದ್ದರು.
ಕುಡೀಲಿಕ್ಕೆ ಬ್ಯಾಡ್ರಿ, ರಾಳದ ವಾಸನಿ ಅದ, ಅರಿವಿ ಒಗೀರಿ, ಅಂದೆ.
ಸಾಯಬಣ್ಣ ಚಪ್ಪಲಿ ಬಿಟ್ಟು ದೋಣಿ ಹತ್ತಿದ,
ಮೊಣಕಾಲುದ್ದ ನೀರಲ್ಲಿ ನಿಂತು ಒಂದೊಂದೇ ಕೊಡ ತುಂಬಿಕೊಟ್ಟ,
ಆಚೆ ದಡಕ್ಕೆ ಜನ ದಾಟಿಸುವ ಅದೇ ದನಿಯಲ್ಲಿ:
"ಹುಷಾರ್ರಿ ಯವ್ವಾ, ಅಂಚು ಹಿಡೀರಿ."